ಲಿವರ್ ಹೆಂಡ್ತೀದು, ಕರುಳು ಗಂಡಂದು, ಮಾತ್ರೆ ಡೋಸು ಯಾರ ಲೆಕ್ಕಕ್ಕೆ?

ಈ ಸಲ ಬಂದಿರೋ ಪತ್ರಗಳಲ್ಲಿ ಲಿವರ್ ಕಸಿ ಆದವರ ಮನೆಯವರದ್ದೇ ಜಾಸ್ತಿ, ಅದಕ್ಕೆ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಇವನ್ನೇ ಒಟ್ಟಿಗೆ ತಗೊಂಡಿದ್ದೀನಿ. ಹೆಸರು ಹಾಕಬೇಡಿ ಅಂತ ಎಲ್ರೂ ಕೇಳ್ಕೊಂಡಿದ್ದಾರೆ, ಹಾಕಿಲ್ಲ.

ಪ್ರಶ್ನೆ: ಡಾಕ್ಟ್ರೇ, ನಮ್ಮ ತಂದೆಗೆ ಮೂರು ತಿಂಗಳ ಹಿಂದೆ ಬೆಂಗಳೂರಲ್ಲಿ ಲಿವರ್ ಟ್ರಾನ್ಸ್‌ಪ್ಲಾಂಟ್ ಆಯ್ತು, ಅಮ್ಮನೇ ಲಿವರ್ ಕೊಟ್ಟಿದ್ದು. ಅದೇ ವಾರ ಆಪರೇಷನ್ ಆದ ಇನ್ನೊಬ್ರು ಅಲ್ಲಿ ಪರಿಚಯ ಆದ್ರು, ಅವರಿಗೂ ಅಪ್ಪನಷ್ಟೇ ವಯಸ್ಸು, ತೂಕಾನೂ ಹೆಚ್ಚುಕಮ್ಮಿ ಅಷ್ಟೇ. ಅವರು ಟ್ಯಾಕ್ರೋಲಿಮಸ್ (ದೇಹ ಹೊಸ ಲಿವರ್ ಮೇಲೆ ಬೀಳದ ಹಾಗೆ ತಡೆಯೋ ಔಷಧಿ) ಬೆಳಿಗ್ಗೆ 1 ಮಿಲಿಗ್ರಾಂ, ರಾತ್ರಿ 1 ಮಿಲಿಗ್ರಾಂ ತಗೋತಾರೆ, ಅಪ್ಪಂಗೆ 3-3 ಕೊಟ್ಟಿದ್ದಾರೆ. ಆದ್ರೂ ಅಪ್ಪನ ರಕ್ತದಲ್ಲಿ ಔಷಧಿ ಲೆವೆಲ್ ಒಂದ್ಸಲ 4 ಬರತ್ತೆ, ಒಂದ್ಸಲ 9 ಬರತ್ತೆ. ಈ ಮಾತ್ರೆ ಕಿಡ್ನಿಗೆ ಕೆಟ್ಟದ್ದು ಅಂತಾರಲ್ಲ, ಇಷ್ಟೊಂದು ಕೊಡೋದು ಸರೀನಾ? ನಾವೇ ಸ್ವಲ್ಪ ಕಮ್ಮಿ ಮಾಡಿ ನೋಡಬಹುದಾ? ಜೀನ್ ಟೆಸ್ಟ್ ಮಾಡಿಸಿದ್ರೆ ಎಲ್ಲ ಗೊತ್ತಾಗತ್ತೆ ಅಂತ ಯಾರೋ ಹೇಳಿದ್ರು.
ಮಗ, ದಾವಣಗೆರೆ

ಉತ್ತರ: ನಾವೇ ಕಮ್ಮಿ ಮಾಡಬಹುದಾ ಅಂತ ಕೇಳಿದ್ರಲ್ಲ, ದಯವಿಟ್ಟು ಬೇಡ, ಅರ್ಧ ಮಿಲಿಗ್ರಾಂ ಕೂಡ ಬೇಡ. ಲೆವೆಲ್ ಇಳಿದ್ರೆ ಅಪ್ಪನ ದೇಹ ಅಮ್ಮನ ಲಿವರನ್ನ ಹೊರಗಿಂದ ಬಂದಿದ್ದು ಅಂತ ಗುರುತಿಸಿ ಅದರ ಮೇಲೆ ಬೀಳತ್ತೆ, ಅದನ್ನೇ ರಿಜೆಕ್ಷನ್ ಅನ್ನೋದು, ಮೊದಲ ತಿಂಗಳುಗಳಲ್ಲಿ ಆ ಅಪಾಯ ಎಲ್ಲಕ್ಕಿಂತ ಜಾಸ್ತಿ. ಇದನ್ನ ಗಟ್ಟಿಯಾಗಿ ಹೇಳ್ಬಿಟ್ಟೇ ಮುಂದಕ್ಕೆ ಹೋಗ್ತೀನಿ.

ಈಗ ಅಪ್ಪಂಗೆ ಯಾಕೆ 3, ಅವರಿಗೆ ಯಾಕೆ 1 ಅನ್ನೋದು. ಟ್ಯಾಕ್ರೋಲಿಮಸ್ ಹುಟ್ಟಿದ್ದು ಜಪಾನಿನ ತ್ಸುಕುಬಾ ಬೆಟ್ಟದ ಮಣ್ಣಲ್ಲಿ ಸಿಕ್ಕ ಒಂದು ಬ್ಯಾಕ್ಟೀರಿಯಾದಿಂದ, 1984ರಲ್ಲಿ, ಆಮೇಲೆ 1989ರಲ್ಲಿ ಅಮೆರಿಕಾದ ಪಿಟ್ಸ್‌ಬರ್ಗ್‌ನಲ್ಲಿ ಥಾಮಸ್ ಸ್ಟಾರ್ಜಲ್ ಅದನ್ನ ಮೊದಲ ಸಲ ಲಿವರ್ ಕಸಿ ಆದವರಿಗೆ ಕೊಟ್ಟರು (1963ರಲ್ಲಿ ಮನುಷ್ಯರಿಗೆ ಮೊಟ್ಟಮೊದಲು ಲಿವರ್ ಕಸಿ ಮಾಡಿದವರೂ ಅವರೇ). ಇವತ್ತು ಲಿವರ್ ಕಸಿ ಆದವರಲ್ಲಿ ಹೆಚ್ಚಿನವರ ಜೀವ ಕಾಯ್ತಿರೋದು ಇದೇ ಔಷಧಿ. ಆದ್ರೆ ಇದಕ್ಕೊಂದು ಗುಣ ಇದೆ, ಸ್ವಲ್ಪ ಕಮ್ಮಿ ಆದ್ರೆ ರಿಜೆಕ್ಷನ್, ಸ್ವಲ್ಪ ಜಾಸ್ತಿ ಆದ್ರೆ ಕೈ ನಡುಕ, ಕಿಡ್ನಿಗೆ ಪೆಟ್ಟು, ಶುಗರ್, ಬಿಪಿ, ಪೊಟ್ಯಾಸಿಯಂ ಏರೋದು. ನಡುವೆ ಇರೋ ಜಾಗ ತುಂಬಾ ಕಿರಿದು. ಅದಕ್ಕೇ ನಾವು ಎಷ್ಟು ಮಿಲಿಗ್ರಾಂ ನುಂಗಿದ್ರಿ ಅಂತ ನೋಡಲ್ಲ, ರಕ್ತದಲ್ಲಿ ಎಷ್ಟು ಉಳಿದಿದೆ ಅಂತ ನೋಡ್ತೀವಿ. ಸಾಮಾನ್ಯವಾಗಿ ಮೊದಲ ತಿಂಗಳು 6ರಿಂದ 10, ಆಮೇಲೆ 4ರಿಂದ 8 ಸುತ್ತಮುತ್ತ ಇರಲಿ ಅಂತ ಇಟ್ಕೊಳ್ತಾರೆ, ಆಸ್ಪತ್ರೆಯಿಂದ ಆಸ್ಪತ್ರೆಗೆ ಮತ್ತು ರೋಗಿಯಿಂದ ರೋಗಿಗೆ ಸ್ವಲ್ಪ ವ್ಯತ್ಯಾಸ ಇರತ್ತೆ. ಕಿಡ್ನಿಗೆ ತೊಂದರೆ ಕೊಡೋದು ರಕ್ತದಲ್ಲಿರೋ ಲೆವೆಲ್ಲೇ ಹೊರತು ಡಬ್ಬೀಲಿರೋ ಕ್ಯಾಪ್ಸೂಲಿನ ಲೆಕ್ಕ ಅಲ್ಲ. 3-3 ತಗೊಂಡು ಲೆವೆಲ್ 7 ಇರೋ ನಿಮ್ಮಪ್ಪಂಗೂ 1-1 ತಗೊಂಡು ಲೆವೆಲ್ 7 ಇರೋ ಆ ಪರಿಚಯದವರಿಗೂ ದೇಹದ ಮಟ್ಟಿಗೆ ಬೀಳ್ತಿರೋ ಔಷಧಿ ಹೆಚ್ಚುಕಮ್ಮಿ ಒಂದೇ.

ಹಾಗಾದ್ರೆ ಅಪ್ಪ ನುಂಗಿದ ಮಿಕ್ಕಿದ್ದು ಎಲ್ಲಿ ಹೋಯ್ತು? ನುಂಗಿದ ಟ್ಯಾಕ್ರೋಲಿಮಸ್ ರಕ್ತಕ್ಕೆ ಸೇರೋ ದಾರೀಲಿ ಎರಡು ಟೋಲ್ ಗೇಟ್ ಇವೆ ಅಂದ್ಕೊಳ್ಳಿ, ಒಂದು ಸಣ್ಣ ಕರುಳಿನ ಗೋಡೆ, ಇನ್ನೊಂದು ಲಿವರ್. ಎರಡೂ ಕಡೆ ಸಿವೈಪಿ3ಎ4, ಸಿವೈಪಿ3ಎ5 ಅನ್ನೋ ಎಂಜೈಮ್‌ಗಳು ಕೂತ್ಕೊಂಡು ಔಷಧಿಯನ್ನ ಒಡೆದು ಹಾಕ್ತವೆ, ಸಾಮಾನ್ಯವಾಗಿ ನುಂಗಿದ್ದರಲ್ಲಿ ಕಾಲು ಭಾಗದಷ್ಟೇ ದಾಟಿ ಹೋಗೋದು. ಮೂತ್ರದಲ್ಲಿ ಔಷಧಿಯಾಗೇ ಹೊರಗೆ ಹೋಗೋದು ನೂರಕ್ಕೆ ಒಂದು ಪಾಲೂ ಇಲ್ಲ, ಎಲ್ಲಾ ಈ ಎಂಜೈಮ್‌ಗಳ ಕೈಯಲ್ಲೇ. 3ಎ4 ಎಲ್ಲರಲ್ಲೂ ಇರತ್ತೆ. 3ಎ5 ಹಾಗಲ್ಲ, ಕೆಲವರಲ್ಲಿ ಕೆಲಸ ಮಾಡತ್ತೆ, ಕೆಲವರಲ್ಲಿ ಮಾಡೋದೇ ಇಲ್ಲ. ಆ ಜೀನ್‌ನಲ್ಲಿ ಒಂದೇ ಒಂದು ಅಕ್ಷರ, ಎ ಇರೋ ಕಡೆ ಜಿ ಬಂದ್ರೆ ಜೀನ್‌ನ ಪ್ರತಿ ತೆಗೆದು ಜೋಡಿಸೋ ಹೊತ್ತಲ್ಲಿ ತಪ್ಪು ಜಾಗದಲ್ಲಿ ಕತ್ತರಿ ಬಿದ್ದು ಎಂಜೈಮ್ ಅರ್ಧಕ್ಕೇ ನಿಂತು ಹೋಗತ್ತೆ, ಇದು ಸ್ಪಷ್ಟವಾಗಿದ್ದು 2001ರಲ್ಲಿ. ಕೆಲಸ ಮಾಡೋ ರೂಪಕ್ಕೆ ಸ್ಟಾರ್ 1 ಅಂತಲೂ, ಮಾಡದೇ ಇರೋದಕ್ಕೆ ಸ್ಟಾರ್ 3 ಅಂತಲೂ ಹೆಸರು, ಟೆಸ್ಟ್ ಮಾಡಿಸಿದ್ರೆ ರಿಪೋರ್ಟ್‌ನಲ್ಲೂ ಹಾಗೇ ಬರೆದಿರತ್ತೆ. ಯೂರೋಪಿನ ಮೂಲದವರಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಜನಕ್ಕೆ ಈ ಎಂಜೈಮ್ ಕೆಲಸ ಮಾಡಲ್ಲ, ಆಫ್ರಿಕಾ ಮೂಲದವರಲ್ಲಿ ಬಹುಪಾಲು ಜನಕ್ಕೆ ಮಾಡತ್ತೆ, ನಮ್ಮ ಕಡೆಯವರಲ್ಲಿ ಹೆಚ್ಚುಕಮ್ಮಿ ಅರ್ಧ ಅರ್ಧ. ಕೆಲಸ ಮಾಡೋರಿಗೆ ಅದೇ ಲೆವೆಲ್ ಬರಬೇಕು ಅಂದ್ರೆ ಒಂದೂವರೆಯಿಂದ ಎರಡು ಪಟ್ಟು ಡೋಸ್ ಬೇಕಾಗತ್ತೆ. ಹಾಗಾಗಿ ಪಶ್ಚಿಮದ ದೇಶಗಳ ಲೆಕ್ಕ ಹಿಡ್ಕೊಂಡು ಶುರು ಮಾಡಿದ ಡೋಸ್ ನಮ್ಮಲ್ಲಿ ಸುಮಾರು ಜನಕ್ಕೆ ಸಾಲದೇ ಹೋಗೋದು ಸಹಜ.

ಕಿಡ್ನಿ ಕಸಿ ಆದವರಿಗೆ ಮಾತು ಇಲ್ಲಿಗೆ ಮುಗೀತು, ಯಾಕಂದ್ರೆ ಅವರ ಕರುಳೂ ಅವರದ್ದೇ ಲಿವರೂ ಅವರದ್ದೇ. ಲಿವರ್ ಕಸಿ ಆದವರಲ್ಲಿ ಮಾತ್ರ ಒಂದೇ ದೇಹದಲ್ಲಿ ಇಬ್ಬರ ಜೀನ್ ಕೆಲಸ ಮಾಡ್ತಿರತ್ತೆ. ನಿಮ್ಮ ಮನೇಲಿ ಮೊದಲನೇ ಗೇಟು ಅಪ್ಪಂದು, ಎರಡನೇದು ಅಮ್ಮಂದು. ಲಿವರ್ ಎಷ್ಟು ವರ್ಷ ಅಪ್ಪನ ಹೊಟ್ಟೇಲಿದ್ರೂ ಅದರ ಜೀವಕೋಶಗಳ ಒಳಗಿರೋದು ಅಮ್ಮನ ಡಿಎನ್‌ಎನೇ. ಇಬ್ಬರದ್ದೂ ಕೆಲಸ ಮಾಡೋ ರೂಪ ಆಗಿದ್ರೆ ಡೋಸ್ ಎಲ್ಲಕ್ಕಿಂತ ಜಾಸ್ತಿ ಬೇಕು, ಇಬ್ಬರದ್ದೂ ಮಾಡದೇ ಇರೋದಾದ್ರೆ ಎಲ್ಲಕ್ಕಿಂತ ಕಮ್ಮಿ ಸಾಕು, ಒಬ್ಬರದ್ದು ಹೀಗೆ ಒಬ್ಬರದ್ದು ಹಾಗೆ ಇದ್ರೆ ನಡುವೆ. ಇದರ ಮೇಲೆ ಇನ್ನೊಂದು ಸೂಕ್ಷ್ಮ ಇದೆ: ಮೊದಲ ಒಂದೆರಡು ವಾರ ಹೊಸ ಲಿವರ್ ಇನ್ನೂ ಸುಧಾರಿಸ್ಕೊಳ್ತಿರತ್ತೆ, ಅದರಲ್ಲೂ ಬದುಕಿರೋರು ಕೊಟ್ಟ ಲಿವರ್ ಅಂದ್ರೆ ಅದೊಂದು ತುಂಡು ಮಾತ್ರ, ಬೆಳೀತಾ ಇರತ್ತೆ, ಆ ಹೊತ್ತಲ್ಲಿ ಕರುಳಿನ ಅಂದ್ರೆ ಅಪ್ಪನ ಜೀನ್ ಪ್ರಭಾವ ಎದ್ದು ಕಾಣತ್ತೆ, ಲಿವರ್ ಬೆಳೆದು ಬಲ ಬಂದಹಾಗೆಲ್ಲ ಅಮ್ಮನ ಜೀನ್ ಮಾತು ಜೋರಾಗತ್ತೆ. ಆಸ್ಪತ್ರೇಲಿ ಇದ್ದಾಗ ಸರಿ ಹೋಗಿದ್ದ ಡೋಸ್ ಎರಡು ತಿಂಗಳಾದ ಮೇಲೆ ಸಾಲದೇ ಹೋಗೋದು ಎಷ್ಟೋ ಸಲ ಈ ಕಾರಣಕ್ಕೆ, ಅದು ಡಾಕ್ಟರ ತಪ್ಪೂ ಅಲ್ಲ, ನೀವು ಏನೋ ತಿನ್ನಿಸಿದ್ದಕ್ಕೂ ಅಲ್ಲ.

ಈಗ ಟೆಸ್ಟ್ ವಿಷಯ. ಅಪ್ಪನ ರಕ್ತ ಅಥವಾ ಎಂಜಲು ಕೊಟ್ಟು ಟೆಸ್ಟ್ ಮಾಡಿಸಿದ್ರೆ ಬರೋದು ಅಪ್ಪನ ಜೀನ್ ಮಾತ್ರ, ಅಂದ್ರೆ ಕರುಳಿನ ಸುದ್ದಿ ಮಾತ್ರ, ಲಿವರ್ ಸುದ್ದಿ ಬೇಕು ಅಂದ್ರೆ ಅಮ್ಮನ ರಕ್ತ ಕೊಡಬೇಕು. ಇದನ್ನ ಟೆಸ್ಟ್ ಬರೆಯೋರೂ ಕೆಲವು ಸಲ ಮರೀತಾರೆ. ಜೀನ್ ನೋಡಿ ಡೋಸ್ ಹೇಳೋ ಸಿಪಿಕ್ ಅನ್ನೋ ಅಂತರರಾಷ್ಟ್ರೀಯ ತಜ್ಞರ ಗುಂಪಿನ 2015ರ ಮಾರ್ಗಸೂಚಿ ಕೂಡ ಲಿವರ್ ಕಸಿಗೆ ಅನ್ವಯ ಆಗೋದು ಕೊಟ್ಟೋರ ಜೀನೂ ತಗೊಂಡೋರ ಜೀನೂ ಒಂದೇ ಥರ ಇದ್ದಾಗ ಮಾತ್ರ ಅಂತ ಹೇಳಿದೆ. ನಿಮಗೆ ಈಗಾಗಲೇ ಮೂರು ತಿಂಗಳಾಗಿದೆ, ಲೆವೆಲ್ ನೋಡ್ಕೊಂಡು ಡೋಸ್ ಒಂದು ಹದಕ್ಕೆ ಬಂದಿರೋದ್ರಿಂದ ಈಗ ದುಡ್ಡು ಕೊಟ್ಟು ಟೆಸ್ಟ್ ಮಾಡಿಸಿ ಹೊಸದಾಗಿ ಬದಲಾಗೋದು ಕಮ್ಮಿ. ಅದು ಹೆಚ್ಚು ಉಪಯೋಗಕ್ಕೆ ಬರೋದು ಆಪರೇಷನ್‌ಗೆ ಮುಂಚೆ. ನಮ್ಮ ದೇಶದಲ್ಲಿ ಲಿವರ್ ಕಸಿ ಬಹುಪಾಲು ಮನೆಯವರೇ ಕೊಟ್ಟು ಆಗೋದು, ಯಾರು ಕೊಡ್ತಾರೆ ಅನ್ನೋದು ವಾರಗಟ್ಟಲೆ ಮುಂಚೆ ಗೊತ್ತಿರತ್ತೆ, ಡೋನರ್‌ಗೆ ಹೇಗೂ ಹತ್ತಾರು ರಕ್ತ ಪರೀಕ್ಷೆ ಆಗತ್ತೆ, ಅದರ ಜೊತೆ ಇಬ್ಬರದ್ದೂ ಈ ಒಂದು ಜೀನ್ ನೋಡಿದ್ರೆ ಮೊದಲ ಹತ್ತು ದಿನದ ಪರದಾಟ ಎಷ್ಟೋ ಜನಕ್ಕೆ ಕಮ್ಮಿ ಆಗತ್ತೆ ಅನ್ನೋದು ನನ್ನ ಅಭಿಪ್ರಾಯ. ಆದ್ರೆ ಜೀನ್ ಗೊತ್ತಿದ್ರೂ ಲೆವೆಲ್ ನೋಡೋದಂತೂ ತಪ್ಪೋದಿಲ್ಲ.

4ಕ್ಕೂ 9ಕ್ಕೂ ಏರಿಳಿತ ಯಾಕೆ ಅಂದ್ರಿ. ಜೀನ್ ದಿನದಿಂದ ದಿನಕ್ಕೆ ಬದಲಾಗಲ್ಲ, ಅದಕ್ಕೆ ಈ ಏರಿಳಿತಕ್ಕೆ ಬೇರೆ ಕಾರಣ ಹುಡುಕಬೇಕು. ರಕ್ತ ಕೊಡೋ ದಿನ ಅಪ್ಪ ಬೆಳಗಿನ ಕ್ಯಾಪ್ಸೂಲ್ ನುಂಗಿ ಲ್ಯಾಬಿಗೆ ಹೋಗಿದ್ರಾ ನೆನಪು ಮಾಡ್ಕೊಳ್ಳಿ, ಲೆವೆಲ್ ಅಂದ್ರೆ ರಾತ್ರಿ ಡೋಸ್ ಆಗಿ 12 ಗಂಟೆ ಆದ ಮೇಲೆ, ಬೆಳಗಿನದ್ದು ತಗೊಳ್ಳೋಕೆ ಮುಂಚೆ ನೋಡಬೇಕಾದದ್ದು, ಇಲ್ಲಾಂದ್ರೆ ಸುಳ್ಳೇ ಜಾಸ್ತಿ ತೋರಿಸತ್ತೆ. ಒಂದಿನ ಖಾಲಿ ಹೊಟ್ಟೇಲಿ, ಇನ್ನೊಂದಿನ ಬೆಣ್ಣೆ ದೋಸೆ ಆದ ಮೇಲೆ ತಗೊಂಡ್ರೂ ವ್ಯತ್ಯಾಸ ಬರತ್ತೆ, ಜಿಡ್ಡಿನ ಊಟ ಔಷಧಿ ರಕ್ತಕ್ಕೆ ಸೇರೋದನ್ನ ಕಮ್ಮಿ ಮಾಡತ್ತೆ. ಭೇದಿ ಆದಾಗ ಲೆವೆಲ್ ಇಳಿಯೋದಲ್ಲ, ಏರತ್ತೆ, ಕರುಳಿನ ಗೋಡೆಯ ಎಂಜೈಮ್ ಹಾಳಾಗಿ ತಡೆಯೋರು ಇಲ್ಲದ ಹಾಗಾಗತ್ತೆ, ಭೇದಿ ಎರಡು ದಿನ ನಿಲ್ಲದೇ ಇದ್ರೆ ಫೋನ್ ಮಾಡಿ. ಮೆಡಿಕಲ್ ಶಾಪಿನಲ್ಲಿ ಈ ಬ್ರಾಂಡ್ ಇಲ್ಲ ಅದೇ ಔಷಧಿ ಬೇರೆ ಕಂಪನೀದು ಅಂತ ಕೊಟ್ಟಿದ್ರಾ ಅನ್ನೋದನ್ನೂ ನೋಡಿ. ಬೇರೆ ಕಂಪನೀದು ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಬದಲಾಯಿಸಿದ್ರೆ ಡಾಕ್ಟರಿಗೆ ಹೇಳಿ ಒಂದು ವಾರದಲ್ಲಿ ಲೆವೆಲ್ ನೋಡಿಸಿ ಅಂತ ಅಷ್ಟೇ. ದಿನಕ್ಕೆ ಒಂದೇ ಸಲ ತಗೊಳ್ಳೋ ಕ್ಯಾಪ್ಸೂಲನ್ನ ಮಾತ್ರ ಎರಡು ಸಲದ್ದಕ್ಕೆ ಬದಲಾಗಿ ಅಂಗಡಿಯವರ ಮಾತಿಗೆ ಯಾವತ್ತೂ ತಗೋಬೇಡಿ.

ಪ್ರಶ್ನೆ: ನಾನು ಎರಡು ವರ್ಷದ ಹಿಂದೆ ಅಪ್ಪಂಗೆ ಲಿವರ್ ಕೊಟ್ಟೆ. ಕಳೆದ ತಿಂಗಳು ಅಪ್ಪಂಗೆ ಹಾರ್ಟ್‌ನಲ್ಲಿ ಸ್ಟೆಂಟ್ ಹಾಕಿ ಕ್ಲೋಪಿಡೋಗ್ರೆಲ್ ಕೊಟ್ಟಿದ್ದಾರೆ. ನಾನು ಸುಮ್ಮನೆ ಕುತೂಹಲಕ್ಕೆ ಮನೇಲೇ ಎಂಜಲು ಕೊಟ್ಟು ಮಾಡಿಸೋ ಜೀನ್ ಟೆಸ್ಟ್ ಮಾಡಿಸಿದ್ದೆ, ಅದರಲ್ಲಿ ಸಿವೈಪಿ2ಸಿ19 ಪೂರ್ ಮೆಟಬೊಲೈಸರ್ ಅಂತ ಬಂದಿದೆ. ನನ್ನ ರಿಪೋರ್ಟಿಗೂ ಅಪ್ಪನ ಮಾತ್ರೆಗೂ ಏನಾದ್ರೂ ಸಂಬಂಧ ಇದ್ಯಾ ಅಂತ ತಲೇಲಿ ಕೊರೀತಿದೆ.
ಮಗಳು, ಶಿವಮೊಗ್ಗ

ಉತ್ತರ: ಸಂಬಂಧ ಇದೆಯಮ್ಮ, ನಿಮಗೆ ಹೊಳೆದಿದ್ದು ಸರಿಯಾಗಿದೆ, ಈ ಪತ್ರಿಕೆ ನಿಮ್ಮ ಕೈಗೆ ಬರೋ ತನಕ ಕಾಯೋದು ಬೇಡ ಅಂತ ನಿಮಗೆ ಬೇರೆಯಾಗಿ ಉತ್ತರಾನೂ ಕಳಿಸಿದ್ದೀನಿ. ಕ್ಲೋಪಿಡೋಗ್ರೆಲ್ ನುಂಗಿದಾಗ ಅದು ಇನ್ನೂ ಔಷಧಿ ಆಗಿರಲ್ಲ, ಲಿವರ್‌ಗೆ ಹೋಗಿ ಅಲ್ಲಿನ ಸಿವೈಪಿ2ಸಿ19 ಅದನ್ನ ತಿದ್ದಿದ ಮೇಲೇ ಪ್ಲೇಟ್‌ಲೆಟ್ ಅಂಟಿಕೊಳ್ಳದ ಹಾಗೆ ತಡೆಯೋದು. ಪೂರ್ ಮೆಟಬೊಲೈಸರ್ ಅಂದ್ರೆ ಈ ಎಂಜೈಮ್ ಕೆಲಸ ಮಾಡದೇ ಇರೋರು, ಅವರಿಗೆ ಮಾತ್ರೆ ಸರಿಯಾಗಿ ಕೆಲಸ ಮಾಡಲ್ಲ, ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟೋ ಅಪಾಯ ಇರತ್ತೆ ಅಂತ ಅಮೆರಿಕಾದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲೇ ದಪ್ಪ ಚೌಕಟ್ಟಿನ ಎಚ್ಚರಿಕೆ ಹಾಕಿಸಿದೆ. ಅಪ್ಪನ ಲಿವರ್ ಈಗ ನಿಮ್ಮ ಜೀನ್ ಪ್ರಕಾರ ಕೆಲಸ ಮಾಡ್ತಿದೆ. ಅಪ್ಪನ ಎಂಜಲು ಪರೀಕ್ಷೆ ಮಾಡಿದ್ರೆ ಪೂರ್ತಿ ನಾರ್ಮಲ್ ಅಂತ ಬರಬಹುದು, ಅದನ್ನ ನಂಬಿ ಕೂರೋ ಹಾಗಿಲ್ಲ.

ಮಾತ್ರೆ ನಿಲ್ಲಿಸಬೇಡಿ. ಸ್ಟೆಂಟ್ ಹಾಕಿದ ಹೊಸತರಲ್ಲಿ ನಿಲ್ಲಿಸೋದು ಎಲ್ಲಕ್ಕಿಂತ ಅಪಾಯ. ನಿಮ್ಮ ರಿಪೋರ್ಟ್ ಹಿಡ್ಕೊಂಡು ಇವತ್ತೇ ಕಾರ್ಡಿಯಾಲಜಿಸ್ಟ್ ಹತ್ರ ಹೋಗಿ, ಅಪ್ಪಂಗಿರೋದು ನನ್ನ ಲಿವರ್ ಅಂತ ಬಾಯಿಬಿಟ್ಟು ಹೇಳಿ, ಹಾರ್ಟ್ ಡಾಕ್ಟರಿಗೆ ಅದು ತಾನಾಗೇ ಹೊಳೆಯತ್ತೆ ಅಂತ ಅಂದ್ಕೋಬೇಡಿ. ಪ್ಲೇಟ್‌ಲೆಟ್ ಎಷ್ಟು ತಡೆದಿದೆ ಅಂತ ನೋಡೋ ಪರೀಕ್ಷೆ ಇದೆ, ಈ ಎಂಜೈಮನ್ನ ನೆಚ್ಚಿಕೊಳ್ಳದ ಪ್ರಾಸುಗ್ರೆಲ್, ಟಿಕಾಗ್ರೆಲೋರ್ ಇವೆ, ಅವುಗಳಲ್ಲಿ ರಕ್ತಸ್ರಾವದ ಭಯ ಸ್ವಲ್ಪ ಜಾಸ್ತಿ ಇರೋದ್ರಿಂದ ಹಾರ್ಟ್ ಡಾಕ್ಟರೂ ಲಿವರ್ ಡಾಕ್ಟರೂ ಮಾತಾಡ್ಕೊಂಡು ತೀರ್ಮಾನ ಮಾಡಲಿ. ಮನೇಲಿ ಮಾಡಿಸಿದ ಟೆಸ್ಟನ್ನ ಆಸ್ಪತ್ರೆ ಲ್ಯಾಬಲ್ಲಿ ಇನ್ನೊಮ್ಮೆ ಖಚಿತ ಮಾಡ್ಕೊಳ್ಳೋದೂ ಒಳ್ಳೇದೇ, ಅದಕ್ಕೆ ಕೊಡಬೇಕಾದದ್ದು ನಿಮ್ಮ ರಕ್ತ, ಅಪ್ಪಂದಲ್ಲ. ಆ ರಿಪೋರ್ಟ್ ನಿಮಗೂ ಬೇಕು, ಮುಂದೆ ಯಾವತ್ತಾದ್ರೂ ನಿಮಗೇ ಈ ಮಾತ್ರೆ ಬರೆದ್ರೆ ತೋರಿಸೋಕೆ.

ಎಲ್ಲಾ ಔಷಧಿಗೂ ಕೊಟ್ಟೋರ ಜೀನೇ ಲೆಕ್ಕ ಅಂತ ಅಲ್ಲ. ಕಸಿ ಆದ ಕೆಲವರಿಗೆ ಅಜಥಯೋಪ್ರಿನ್ ಕೊಡ್ತಾರೆ, ಅದರಿಂದ ಬಿಳಿ ರಕ್ತಕಣ ಕುಸಿಯೋದು ಟಿಪಿಎಂಟಿ, ನಡ್ಟ್15 ಅನ್ನೋ ಎರಡು ಜೀನ್ ಮೇಲೆ ನಿಂತಿದೆ, ತೊಂದರೆ ಆಗೋ ಜಾಗ ಮೂಳೆ ಮಜ್ಜೆ, ಮಜ್ಜೆ ಅಪ್ಪಂದೇ. ಹಾಗಾಗಿ ಅಲ್ಲಿ ಅಪ್ಪನ ಟೆಸ್ಟೇ ಬೇಕು. ಔಷಧಿ ಎಲ್ಲಿ ಒಡೆಯತ್ತೆ, ಎಲ್ಲಿ ಪೆಟ್ಟು ಕೊಡತ್ತೆ ಅಂತ ನೋಡ್ಕೊಂಡು ಯಾರ ರಕ್ತ ಕಳಿಸಬೇಕು ಅಂತ ತೀರ್ಮಾನ ಮಾಡೋದು.

ಪ್ರಶ್ನೆ: ಸರ್ ನಮಸ್ಕಾರ್ರೀ. ನಮ್ಮ ತಮ್ಮಗ ಲಿವರ್ ಕಸಿ ಆಗಿ ಎಂಟು ತಿಂಗಳಾತು, ಅವನ ಹೆಂಡ್ತಿನ ಲಿವರ್ ಕೊಟ್ಟಾಳ. ಈಗ ಕುತ್ತಿಗ್ಯಾಗ ಗಂಟು ಬಂದು ಟೆಸ್ಟ್ ಮಾಡ್ಸಿದ್ರ ಟಿಬಿ ಅಂತ ಬಂದೈತಿ. ಇಲ್ಲಿ ಡಾಕ್ಟರ್ ಟಿಬಿ ಗುಳಿಗಿ ಚಾಲೂ ಮಾಡೋಣು ಅಂದ್ರು, ಬೆಂಗಳೂರಿನವ್ರು ತಡೀರಿ ನಮ್ಮನ್ನ ಕೇಳದ ಏನೂ ಮಾಡಬ್ಯಾಡ್ರಿ ಅಂತಾರ. ಯಾರ ಮಾತು ಕೇಳೂದ್ರೀ?
ಅಣ್ಣ, ಧಾರವಾಡ ಜಿಲ್ಲೆ

ಉತ್ತರ: ಇಬ್ಬರೂ ಹೇಳಿದ್ದು ಸರೀನೇ ಇದೆ, ಅದಕ್ಕೇ ಇಬ್ಬರನ್ನೂ ಫೋನಲ್ಲಿ ಮಾತಾಡಿಸಿ. ಟಿಬಿಗೆ ಔಷಧಿ ಬೇಕೇ ಬೇಕು, ತಡ ಮಾಡೋ ಹಾಗಿಲ್ಲ. ಆದ್ರೆ ಸರ್ಕಾರದಿಂದ ಪುಕ್ಕಟೆ ಸಿಗೋ ನಾಲ್ಕು ಔಷಧಿ ಸೇರಿದ ಗುಳಿಗೇಲಿ ರಿಫಾಂಪಿಸಿನ್ ಇದೆ, ಅದು ಕರುಳಲ್ಲೂ ಲಿವರ್‌ನಲ್ಲೂ ಸಿವೈಪಿ3ಎ ಎಂಜೈಮನ್ನ ಹಲವು ಪಟ್ಟು ಹೆಚ್ಚಿಸಿಬಿಡತ್ತೆ, ಜೀನ್ ಯಾವುದೇ ಇರಲಿ. ತಮ್ಮನ ಟ್ಯಾಕ್ರೋಲಿಮಸ್ ಒಂದೆರಡು ವಾರದೊಳಗೆ ರಕ್ತದಲ್ಲಿ ಕಾಣದಷ್ಟು ಇಳಿದು ಹೆಂಡ್ತಿ ಕೊಟ್ಟ ಲಿವರ್ ರಿಜೆಕ್ಟ್ ಆಗಬಹುದು. ಕೆಲವು ಕಡೆ ರಿಫಾಂಪಿಸಿನ್ ಬದಲು ಅಷ್ಟು ಜೋರಿಲ್ಲದ ರಿಫಾಬ್ಯೂಟಿನ್ ಕೊಡ್ತಾರೆ, ಕೆಲವರು ರಿಫಾಂಪಿಸಿನ್ ಕೊಟ್ಟು ಟ್ಯಾಕ್ರೋಲಿಮಸ್ ಡೋಸನ್ನ ಎರಡು ಮೂರು ಪಟ್ಟು ಅಥವಾ ಅದಕ್ಕೂ ಹೆಚ್ಚು ಏರಿಸ್ತಾರೆ, ಇನ್ನು ಕೆಲವರು ಆ ಗುಂಪಿನ ಔಷಧಿಯನ್ನೇ ಬಿಟ್ಟು ಬೇರೆ ಜೋಡಣೆ ಮಾಡ್ತಾರೆ. ಯಾವ ದಾರಿ ಹಿಡಿದ್ರೂ ವಾರಕ್ಕೆ ಒಂದೆರಡು ಸಲ ಲೆವೆಲ್ ನೋಡಿಸಬೇಕು. ಮತ್ತೆ ಇದನ್ನ ಬರೆದಿಟ್ಟುಕೊಳ್ಳಿ: ಟಿಬಿ ಔಷಧಿ ಮುಗಿಸೋ ದಿನ ಕೂಡ ಟ್ರಾನ್ಸ್‌ಪ್ಲಾಂಟ್ ಡಾಕ್ಟರಿಗೆ ತಿಳಿಸಬೇಕು, ರಿಫಾಂಪಿಸಿನ್ ನಿಂತು ಸುಮಾರು ಎರಡು ವಾರಕ್ಕೆ ಎಂಜೈಮ್ ಮೊದಲಿನ ಸ್ಥಿತಿಗೆ ಬರತ್ತೆ, ಆಗ ಏರಿಸಿದ ಡೋಸ್ ಹಾಗೇ ಇದ್ರೆ ಲೆವೆಲ್ ಕಿಡ್ನಿಗೆ ತಡೆಯಲಾಗದಷ್ಟು ಮೇಲೆ ಹೋಗತ್ತೆ.

ಇದೇ ಗುಳಿಗೆಯಲ್ಲಿ ಐಸೋನಿಯಾಜಿಡ್ ಕೂಡ ಇದೆ. ಅದನ್ನ ಲಿವರ್‌ನಲ್ಲಿ ನ್ಯಾಟ್2 ಅನ್ನೋ ಎಂಜೈಮ್ ಕರಗಿಸೋದು, ನಮ್ಮ ದೇಶದಲ್ಲಿ ಅದು ನಿಧಾನವಾಗಿರೋರು ತುಂಬಾ ಜನ, ನಿಧಾನ ಇರೋರಿಗೆ ಲಿವರ್‌ಗೆ ತೊಂದರೆ ಆಗೋದು ಜಾಸ್ತಿ. ಇಲ್ಲಿ ನಿಧಾನವೋ ಬೇಗವೋ ಅನ್ನೋದು ಹೆಚ್ಚಾಗಿ ನಿಮ್ಮ ತಮ್ಮನ ಹೆಂಡ್ತಿ ಜೀನ್ ಮೇಲೆ ನಿಂತಿದೆ. ಆ ತಾಯಿಗೆ ಹಿಂದೆ ಯಾವತ್ತಾದ್ರೂ ಟಿಬಿ ಆಗಿ ಗುಳಿಗೆಯಿಂದ ಕಾಮಾಲೆ ಬಂದಿತ್ತಾ ಕೇಳಿ, ಬಂದಿದ್ರೆ ಅದನ್ನ ಡಾಕ್ಟರಿಗೆ ಹೇಳಲೇಬೇಕು. ಕಣ್ಣು ಹಳದಿ, ವಾಂತಿ, ಊಟ ಸೇರದೇ ಇರೋದು ಶುರುವಾದ್ರೆ ಮರುದಿನಕ್ಕೆ ಮುಂದೂಡಬೇಡಿ.

ಪ್ರಶ್ನೆ: ನಮ್ಮ ತೋಟದಲ್ಲೇ ಚಕ್ಕೋತ ಬೆಳೀತೀವಿ. ಲಿವರ್ ಕಸಿ ಆದ ನಮ್ಮತ್ತೆಗೆ ಅದನ್ನ ಕೊಡಬೇಡಿ ಅಂದಿದ್ದಾರೆ. ಹಣ್ಣು ತಿಂದ್ರೆ ಏನಾಗತ್ತೆ? ಅಮೃತಬಳ್ಳಿ ಕಷಾಯ ಕೊಡಬಹುದಾ?
ಸೊಸೆ, ದೇವನಹಳ್ಳಿ

ಉತ್ತರ: ದೇವನಹಳ್ಳಿ ಚಕ್ಕೋತಕ್ಕೆ ಜಿಐ ಟ್ಯಾಗ್ ಬಂದಿದೆ, ಊರಿನ ಹೆಮ್ಮೆ, ಬೇಜಾರಾಗತ್ತೆ ಗೊತ್ತು, ಆದ್ರೆ ಅತ್ತೆಗೆ ಬೇಡ. ಗ್ರೇಪ್‌ಫ್ರೂಟ್ ಅನ್ನೋ ಹಣ್ಣು ಚಕ್ಕೋತಕ್ಕೂ ಕಿತ್ತಳೆಗೂ ಹುಟ್ಟಿದ ಕೂಸು, ಅದರ ರಸದಲ್ಲಿರೋ ಫ್ಯೂರನೋಕೂಮರಿನ್‌ಗಳು ಕರುಳಿನ ಸಿವೈಪಿ3ಎ4 ಎಂಜೈಮನ್ನ ಕೊಂದೇ ಹಾಕ್ತವೆ, ಹೊಸದು ತಯಾರಾಗೋಕೆ ಎರಡು ಮೂರು ದಿನ ಬೇಕು, ಅಲ್ಲಿ ತನಕ ಟ್ಯಾಕ್ರೋಲಿಮಸ್ ತಡೆಯಿಲ್ಲದೆ ರಕ್ತಕ್ಕೆ ನುಗ್ಗತ್ತೆ. ಕೆನಡಾದಲ್ಲಿ 1989ರಲ್ಲಿ ಒಂದು ಬಿಪಿ ಮಾತ್ರೆ ಜೊತೆ ಮದ್ಯ ಸೇರಿದ್ರೆ ಏನಾಗತ್ತೆ ಅಂತ ನೋಡೋ ಪ್ರಯೋಗದಲ್ಲಿ ಮದ್ಯದ ರುಚಿ ಗೊತ್ತಾಗದೇ ಇರಲಿ ಅಂತ ಈ ರಸ ಬೆರೆಸಿದ್ರು, ಮಾತ್ರೆ ಲೆವೆಲ್ ಏರಿದ್ದು ರಸದಿಂದ ಅಂತ ಆಮೇಲೆ ಗೊತ್ತಾಯ್ತು. ಚಕ್ಕೋತದಲ್ಲೂ ಅದೇ ವಸ್ತುಗಳಿವೆ. ಬೆಳಿಗ್ಗೆ ಹಣ್ಣು, ರಾತ್ರಿ ಮಾತ್ರೆ ಅಂತ ಹೊತ್ತು ಬದಲಾಯಿಸಿದ್ರೂ ಉಪಯೋಗ ಇಲ್ಲ. ಬಾಳೆ, ಪಪ್ಪಾಯ, ಸೇಬು ಕೊಡಿ, ಚೆನ್ನಾಗಿ ತೊಳೆದು ಸಿಪ್ಪೆ ತೆಗೆದು.

ಅಮೃತಬಳ್ಳಿ ಬೇಡವೇ ಬೇಡ. ಅದು ರೋಗನಿರೋಧಕ ಶಕ್ತಿ ಹೆಚ್ಚಿಸತ್ತೆ ಅಂತಾನೇ ತಾನೇ ಕುಡಿಯೋದು, ಕಸಿ ಆದವರಲ್ಲಿ ನಾವು ಮಾತ್ರೆ ಕೊಟ್ಟು ತಗ್ಗಿಸಿ ಇಟ್ಟಿರೋದೇ ಆ ಶಕ್ತಿಯನ್ನ. ಕೋವಿಡ್ ಕಾಲದಲ್ಲಿ ಇದನ್ನ ಕುಡಿದು ಲಿವರ್ ಉರಿಯೂತ ಆದವರ ವರದಿ ಮುಂಬೈಯಿಂದ 2021ರಲ್ಲಿ ಬಂತು, ಅವರಿಗೆ ಕಸಿಯೂ ಆಗಿರಲಿಲ್ಲ. ಅಶ್ವಗಂಧದ ಪುಡಿ, ಕಾಮಾಲೆಗೆ ಅಂತ ಕೊಡೋ ನಾಟಿ ಔಷಧಿ, ಯಾವುದಿದ್ರೂ ಟ್ರಾನ್ಸ್‌ಪ್ಲಾಂಟ್ ಡಾಕ್ಟರನ್ನ ಕೇಳದೇ ಕೊಡಬೇಡಿ. ಜ್ವರ ಕೆಮ್ಮು ಅಂತ ಬೇರೆ ಡಾಕ್ಟರ್ ಹತ್ರ ಹೋದಾಗ ಕ್ಲಾರಿಥ್ರೋಮೈಸಿನ್, ಫಂಗಸ್‌ಗೆ ಅಂತ ಫ್ಲುಕೊನಜೋಲ್ ಬರೆದ್ರೆ ಅವೂ ಲೆವೆಲ್ ಏರಿಸ್ತವೆ, ಅತ್ತೆಗೆ ಕಸಿ ಆಗಿದೆ ಅಂತ ಚೀಟಿ ಬರೆಯೋ ಮುಂಚೆನೇ ಹೇಳಿ.

ಪ್ರಶ್ನೆ: ನನಗೆ ವಿಲ್ಸನ್ ಕಾಯಿಲೆ (ಲಿವರ್‌ನಲ್ಲಿ ತಾಮ್ರ ತುಂಬಿಕೊಳ್ಳೋದು) ಇತ್ತು, ಅಮ್ಮನ ಲಿವರ್ ಹಾಕಿದ ಮೇಲೆ ಪೂರ್ತಿ ಚೆನ್ನಾಗಿದ್ದೀನಿ. ಈಗ ಮನೇಲಿ ಸೋದರಮಾವನ ಮಗಳ ಜೊತೆ ಮದುವೆ ಮಾತು ನಡೀತಿದೆ. ಲಿವರ್ ಬದಲಾಗಿರೋದ್ರಿಂದ ಮಕ್ಕಳಿಗೆ ಕಾಯಿಲೆ ಬರಲ್ಲ ಅಲ್ವಾ?
ಒಬ್ಬ ಓದುಗ, ಮೈಸೂರು

ಉತ್ತರ: ಬದಲಾಗಿರೋದು ಲಿವರ್ ಮಾತ್ರ. ತಾಮ್ರವನ್ನ ಪಿತ್ತರಸಕ್ಕೆ ಹಾಕೋ ಎಟಿಪಿ7ಬಿ ಜೀನ್ ಅಮ್ಮನ ಲಿವರ್‌ನಲ್ಲಿ ಒಂದು ಸರಿ ಇದೆ, ಆ ಒಂದೇ ಸಾಕಾಗತ್ತೆ, ಅದಕ್ಕೇ ನೀವು ಚೆನ್ನಾಗಿದ್ದೀರ. ನಿಮ್ಮ ವೀರ್ಯದಲ್ಲಿರೋದು ನಿಮ್ಮದೇ ಜೀನ್, ಅದರ ಎರಡೂ ಪ್ರತಿ ಕೆಟ್ಟಿರೋದ್ರಿಂದ ನಿಮಗೆ ಹುಟ್ಟೋ ಪ್ರತಿ ಮಗುವಿಗೂ ಒಂದು ಕೆಟ್ಟ ಪ್ರತಿ ಹೋಗೇ ಹೋಗತ್ತೆ. ಮಗುವಿಗೆ ಕಾಯಿಲೆ ಬರೋದು ಹೆಂಡತಿ ಕಡೆಯಿಂದಲೂ ಒಂದು ಕೆಟ್ಟದ್ದು ಬಂದ್ರೆ ಮಾತ್ರ, ಇಲ್ಲಾಂದ್ರೆ ಮಗು ಬರೀ ವಾಹಕ, ಆರೋಗ್ಯವಾಗಿರತ್ತೆ.

ಅಮ್ಮ ವಾಹಕ ಅನ್ನೋದು ಖಚಿತ. ಹಾಗಾಗಿ ಅಮ್ಮನ ಒಡಹುಟ್ಟಿದ ನಿಮ್ಮ ಮಾವನೂ ವಾಹಕ ಆಗಿರೋ ಸಾಧ್ಯತೆ ಎರಡರಲ್ಲಿ ಒಂದು, ಮಾವನ ಮಗಳಿಗೆ ನಾಲ್ಕರಲ್ಲಿ ಒಂದು. ಅವರನ್ನ ಮದುವೆ ಆದ್ರೆ ಪ್ರತಿ ಮಗುವಿಗೂ ಎಂಟರಲ್ಲಿ ಒಂದು ಪಾಲು ಕಾಯಿಲೆ ಬರೋ ಸಾಧ್ಯತೆ. ಸಂಬಂಧ ಇಲ್ಲದ ಹುಡುಗಿ ಆದ್ರೆ ಅದು ನೂರರಲ್ಲಿ ಒಂದಕ್ಕಿಂತಲೂ ಕಮ್ಮಿ. ಮದುವೆ ಬೇಡ ಅಂತ ನಾನು ಹೇಳೋದಿಲ್ಲ, ಅದು ನಿಮ್ಮಿಬ್ಬರ ತೀರ್ಮಾನ, ಆದ್ರೆ ಆ ಹುಡುಗಿಗೆ ವಿಷಯ ಪೂರ್ತಿ ಗೊತ್ತಿರಬೇಕು. ಮೊದಲು ನಿಮ್ಮ ರಕ್ತದಲ್ಲಿ ಜೀನ್‌ನ ಯಾವ ಜಾಗ ಕೆಟ್ಟಿದೆ ಅಂತ ನೋಡಿಸಿ (ಬಯಾಪ್ಸಿ ತುಣುಕು ಬೇಡ, ಅದರಲ್ಲಿ ಅಮ್ಮನ ಜೀನ್ ಬರತ್ತೆ), ಆಮೇಲೆ ಅದೇ ಜಾಗವನ್ನ ಮಾವನ ಮಗಳಲ್ಲಿ ನೋಡಿಸಿ. ಆಕೆ ವಾಹಕ ಅಲ್ಲ ಅಂತ ಬಂದ್ರೆ ಚಿಂತೆ ಬಿಡಿ. ವಾಹಕ ಅಂತ ಬಂದ್ರೂ ಜೆನೆಟಿಕ್ ಕೌನ್ಸೆಲರ್ ಹತ್ರ ಇಬ್ಬರೂ ಕೂತು ಮಾತಾಡಿ, ಮಗು ಹುಟ್ಟಿದ ಮೇಲೆ ಬೇಗ ಪರೀಕ್ಷೆ ಮಾಡಿಸಿ ಲಕ್ಷಣ ಕಾಣೋಕೆ ಮುಂಚೆನೇ ಜಿಂಕ್ ಅಥವಾ ಪೆನಿಸಿಲಮಿನ್ ಶುರು ಮಾಡಿದ್ರೆ ಆ ಮಗುವಿಗೆ ನಿಮ್ಮ ಹಾಗೆ ಕಸಿ ತನಕ ಹೋಗೋ ಪರಿಸ್ಥಿತಿ ಸಾಮಾನ್ಯವಾಗಿ ಬರಲ್ಲ.